ಬ್ಯಾಟರಿ ಸರ್ಕ್ಯೂಟಿಗೆ ಯಾವ ಮ್ಯಾಗ್ನೆಟ್ ಸೆನ್ಸರ್? ರೀಡ್, ಹಾಲ್, ಎಎಂಆರ್, ಟಿಎಂಆರ್

ಬ್ಯಾಡಗಿಯ ಶೀತಲ ಗೋದಾಮಿನ ಬಾಗಿಲು. ಹಾವೇರಿ ಕಡೆ ಹೊಲದಲ್ಲಿ ನಿಲ್ಲಿಸಿದ ಮಳೆಮಾಪಕ. ಹುಬ್ಬಳ್ಳಿ ಮನೆಯ ನೀರಿನ ಮೀಟರು. ಗದಗಿನ ಕಪ್ಪತಗುಡ್ಡದ ಮಗ್ಗುಲಲ್ಲಿ ಗಾಳಿಯ ವೇಗ ಅಳೆಯುವ ಯಂತ್ರ. ನಾಲ್ಕನ್ನೂ ಬ್ಯಾಟರಿ ಮೇಲೆ ನಡೆಸಬೇಕು ಅಂದುಕೊಳ್ಳಿ. ನಾಲ್ಕು ಕಡೆಯೂ ಸೆನ್ಸರಿನ ಕೆಲಸ ಒಂದೇ: ಮ್ಯಾಗ್ನೆಟ್ ಹತ್ತಿರ ಬಂತಾ, ಇಲ್ವಾ ಅಂತ ಹೇಳುವುದು. ಆದರೆ ನಾಲ್ಕಕ್ಕೂ ಒಂದೇ ಸೆನ್ಸರ್ ಹಾಕಿದರೆ ಒಂದು ಕಡೆ ಬ್ಯಾಟರಿ ಬೇಗ ಮುಗಿಯುತ್ತದೆ, ಇನ್ನೊಂದು ಕಡೆ ಲೆಕ್ಕ ತಪ್ಪುತ್ತದೆ.

ಪ್ರಾಜೆಕ್ಟ್ ಮಾಡುವ ಹುಡುಗರು ನನ್ನನ್ನು ಕೇಳುವ ಮೊದಲ ಪ್ರಶ್ನೆ "ಯಾವ ಚಿಪ್ ಕಡಿಮೆ ಕರೆಂಟ್ ತಿನ್ನುತ್ತದೆ?" ಅಂತ. ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ದಿನದ ಹೆಚ್ಚು ಹೊತ್ತು ನಿಮ್ಮ ಮ್ಯಾಗ್ನೆಟ್ ಎಲ್ಲಿ ನಿಂತಿರುತ್ತದೆ, ಸೆನ್ಸರ್ ಹತ್ತಿರವೋ ದೂರವೋ? ಹಾಗೆಯೇ, ಅದು ಸೆನ್ಸರ್ ಮುಂದೆ ಹಾದುಹೋಗುವಾಗ ಎಷ್ಟು ಹೊತ್ತು ಇರುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಆಯ್ಕೆ ಬಹುಪಾಲು ಮುಗಿದ ಹಾಗೆ. ಡೇಟಾಶೀಟಿನ (ಕಂಪನಿ ಕೊಡುವ ಚಿಪ್ಪಿನ ವಿವರಪತ್ರ) ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿರುವ ಕರೆಂಟ್ ಆಮೇಲಿನ ಮಾತು.

ಮೊದಲು ಬ್ಯಾಟರಿ ಲೆಕ್ಕ

ಸಿಆರ್2032 ಬಟನ್ ಸೆಲ್ಲಿನಲ್ಲಿ ಸುಮಾರು 225 ಮಿಲಿ ಆಂಪಿಯರ್ ತಾಸು ಇರುತ್ತದೆ. ಒಂದು ಮೈಕ್ರೋ ಆಂಪಿಯರ್ ವರ್ಷವಿಡೀ ಹರಿದರೆ ಖರ್ಚು 8.76 ಮಿಲಿ ಆಂಪಿಯರ್ ತಾಸು. ಸುಮಾರು 9 ಅಂತ ನೆನಪಿಟ್ಟುಕೊಳ್ಳಿ. ಯಾವ ಚಿಪ್ಪಿನ ಕರೆಂಟನ್ನಾದರೂ 9ರಿಂದ ಗುಣಿಸಿದರೆ ಒಂದು ವರ್ಷದ ಖರ್ಚು ಸಿಗುತ್ತದೆ.

ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎ3144 ಹಾಲ್ ಸೆನ್ಸರ್ ನೋಡಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೇಳಿದರೂ, ಆನ್‌ಲೈನಿನಲ್ಲಿ ಹುಡುಕಿದರೂ ಮೊದಲು ಕೈಗೆ ಬರುವುದು ಇದೇ. ಇದು ಸದಾ ಎಚ್ಚರವಾಗಿರುವ ಚಿಪ್, ಕೆಲವು ಮಿಲಿ ಆಂಪಿಯರ್ ಎಳೆಯುತ್ತಲೇ ಇರುತ್ತದೆ. 5 ಮಿಲಿ ಆಂಪಿಯರ್ ಅಂತ ಹಿಡಿದರೆ ಬಟನ್ ಸೆಲ್ 45 ತಾಸಿಗೆ ಖಾಲಿ. ಅಷ್ಟೇ ಅಲ್ಲ, ಇದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು. 3 ವೋಲ್ಟಿನ ಸೆಲ್ಲಿಗೆ ಹೊಂದುವುದೇ ಇಲ್ಲ. ಬೈಕಿನ ವೇಗ ಅಳೆಯಲು, ಮೋಟಾರಿನ ಸುತ್ತು ಎಣಿಸಲು ಒಳ್ಳೆಯದು. ಬ್ಯಾಟರಿ ಸರ್ಕ್ಯೂಟಿಗೆ ಬೇಡ.

ಎಲ್‌ಎಂ393 ಕಂಪ್ಯಾರೇಟರ್ (ಎರಡು ವೋಲ್ಟೇಜ್ ಹೋಲಿಸುವ ಚಿಪ್) ಮತ್ತು ಸದಾ ಉರಿಯುವ ಎಲ್‌ಇಡಿ ಇರುವ ಸಿದ್ಧ ಮಾಡ್ಯೂಲ್‌ಗಳದ್ದೂ ಇದೇ ಕತೆ. ಎಲ್‌ಇಡಿ ಒಂದೇ ಸಾಕು ಸೆಲ್ ಮುಗಿಸಲು.

ರೀಡ್ ಸ್ವಿಚ್: ಸೊನ್ನೆ ಕರೆಂಟ್, ಆದರೆ

ಗಾಜಿನ ಕೊಳವೆ, ಒಳಗೆ ಎರಡು ಕಬ್ಬಿಣ-ನಿಕ್ಕಲ್ ಪಟ್ಟಿ. ಮ್ಯಾಗ್ನೆಟ್ ಬಂದರೆ ಪಟ್ಟಿಗಳು ಕೂಡುತ್ತವೆ, ಹೋದರೆ ಬಿಡುತ್ತವೆ. ಬೆಲ್ ಲ್ಯಾಬ್ಸ್‌ನಲ್ಲಿ 1930ರ ದಶಕದಲ್ಲಿ ಹುಟ್ಟಿದ ವಸ್ತು ಇವತ್ತಿಗೂ ಮಾರಾಟವಾಗುತ್ತಿದೆ. ಅದಕ್ಕೆ ಕಾರಣವೂ ಇದೆ: ಅದಕ್ಕೆ ವಿದ್ಯುತ್ತೇ ಬೇಡ.

ಇಲ್ಲಿ ಜನ ಎಡವುವ ಜಾಗ ಒಂದಿದೆ. ಸ್ವಿಚ್ಚಿಗೆ ಕರೆಂಟ್ ಬೇಡ, ಸರಿ. ಆದರೆ ಅದನ್ನು ಓದಲು ಪುಲ್-ಅಪ್ ರೆಸಿಸ್ಟರ್, ಅಂದರೆ ಸಿಗ್ನಲ್ ತಂತಿಯನ್ನು ಸಪ್ಲೈ ಕಡೆ ಎಳೆದು ಹಿಡಿಯುವ ರೆಸಿಸ್ಟರ್ ಬೇಕಲ್ವಾ? ಸ್ವಿಚ್ ತೆರೆದಿದ್ದಾಗ ಅದರಲ್ಲಿ ಏನೂ ಹರಿಯುವುದಿಲ್ಲ. ಮುಚ್ಚಿದಾಗ ಹರಿಯುತ್ತದೆ. 3 ವೋಲ್ಟ್, 10 ಕಿಲೋ ಓಮ್ ಇದ್ದರೆ 300 ಮೈಕ್ರೋ ಆಂಪಿಯರ್. ಬಟನ್ ಸೆಲ್ ಒಂದೇ ತಿಂಗಳಿಗೆ ಮುಗಿಯುತ್ತದೆ. ಅರ್ಡುಯಿನೋ ಬೋರ್ಡಿನ ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್ ಚಿಪ್ಪಿನ ಒಳಗಿನ ಪುಲ್-ಅಪ್ ಬಳಸಿದರೆ ಅದು 20ರಿಂದ 50 ಕಿಲೋ ಓಮ್. ಆಗಲೂ 60ರಿಂದ 150 ಮೈಕ್ರೋ ಆಂಪಿಯರ್ ಹರಿಯುತ್ತದೆ. ಎರಡರಿಂದ ಐದು ತಿಂಗಳು ಬಂದೀತು.

ಬಾಗಿಲಿನ ವಿಷಯದಲ್ಲಿ ಇದು ಸೀದಾ ಪೆಟ್ಟು ಕೊಡುತ್ತದೆ. ಗೋದಾಮಿನ ಬಾಗಿಲು ದಿನದಲ್ಲಿ ಹೆಚ್ಚು ಹೊತ್ತು ಮುಚ್ಚಿರುತ್ತದೆ. ಮುಚ್ಚಿದಾಗ ಮ್ಯಾಗ್ನೆಟ್ ಹತ್ತಿರ. ಹತ್ತಿರ ಇದ್ದಾಗ ರೀಡ್ ಕೂಡಿರುತ್ತದೆ. ಅಂದರೆ ಹಗಲೂ ರಾತ್ರಿ ಕರೆಂಟ್ ಸೋರುತ್ತಿರುತ್ತದೆ. "ಸೊನ್ನೆ ಕರೆಂಟ್" ಅಂತ ಆರಿಸಿದ ಸೆನ್ಸರ್ ಎಲ್ಲಕ್ಕಿಂತ ದುಬಾರಿ ಆಯ್ತು.

ಇದಕ್ಕೆ ಮೂರು ದಾರಿ. 1 ಮೆಗಾ ಓಮ್ ರೆಸಿಸ್ಟರ್ ಹಾಕಿದರೆ ಕರೆಂಟ್ 3 ಮೈಕ್ರೋ ಆಂಪಿಯರಿಗೆ ಇಳಿಯುತ್ತದೆ. ಆದರೆ ತಂತಿ ಉದ್ದ ಇದ್ದರೆ, ತೇವ ಕೂತರೆ ಸುಳ್ಳು ಸಿಗ್ನಲ್ ಬರುತ್ತದೆ. ಎರಡನೆಯದು ಮೂರು ಕಾಲಿನ ಚೇಂಜ್-ಓವರ್ ರೀಡ್. ಅದರಲ್ಲಿ ಮ್ಯಾಗ್ನೆಟ್ ಹತ್ತಿರ ಬಂದಾಗ ಬಿಡುವ ಕಾಂಟ್ಯಾಕ್ಟ್ ಇರುತ್ತದೆ, ಅದನ್ನೇ ಬಳಸಬೇಕು. ಬಾಗಿಲಿಗೆ ರೀಡೇ ಬೇಕು ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಮೂರನೆಯದು, ಸೆಕೆಂಡಿಗೊಮ್ಮೆ ಎದ್ದು ಪುಲ್-ಅಪ್ ಹಚ್ಚಿ, ಓದಿ, ಆರಿಸಿ ಮಲಗುವುದು. ಕೇಳಲು ಚೆನ್ನಾಗಿದೆ. ಆದರೆ ಎಟಿಮೆಗಾ328ಪಿಯನ್ನು ಎಬ್ಬಿಸಲು ವಾಚ್‌ಡಾಗ್ ಟೈಮರ್ ಓಡುತ್ತಿರಬೇಕು. 3 ವೋಲ್ಟಿನಲ್ಲಿ ಅದರದ್ದೇ 4 ಮೈಕ್ರೋ ಆಂಪಿಯರ್ ಆಸುಪಾಸು. ಟೈಮರ್ ಆರಿಸಿದರೆ ಅದೇ ಚಿಪ್ 0.1ಕ್ಕೆ ಇಳಿಯುತ್ತದೆ. ಅಂದರೆ ಓದಲು ಎಬ್ಬಿಸುವ ಖರ್ಚು ಒಂದು ಒಳ್ಳೆಯ ಹಾಲ್ ಚಿಪ್ಪಿನ ಖರ್ಚಿಗಿಂತ ಜಾಸ್ತಿ.

ರೀಡಿನ ಇನ್ನೊಂದು ತೊಂದರೆ ಗಾಜು. ಕಾಲನ್ನು ಗಾಜಿನ ಬುಡದಲ್ಲೇ ಬಗ್ಗಿಸಿದರೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ಒಳಗಿನ ಅನಿಲ ಹೋಗುತ್ತದೆ, ಕಾಂಟ್ಯಾಕ್ಟ್ ಕೆಡುತ್ತದೆ. ಬುಡವನ್ನು ಇಕ್ಕಳದಲ್ಲಿ ಹಿಡಿದು, ಇಕ್ಕಳದ ಆಚೆ ಬಗ್ಗಿಸಿ. ಗಿರಣಿಯಂಥ ಅದುರುವ ಜಾಗದಲ್ಲಿ ರೀಡ್ ಬಳಸಬೇಡಿ. ಉದ್ದ ತಂತಿ ಎಳೆದು ಮಹಡಿ ಮೇಲಿನ ಟಾಕಿಗೆ ಹೋಗಬೇಕಾದರೆ ಮಾತ್ರ ರೀಡೇ ವಾಸಿ. ಎರಡೇ ತಂತಿ ಸಾಕು, ಸಪ್ಲೈ ಕಳಿಸುವುದು ಬೇಡ, ಗುಡುಗು ಮಿಂಚಿನ ದಿನ ಸೂಕ್ಷ್ಮ ಚಿಪ್ ಅಷ್ಟು ದೂರದ ತಂತಿಯ ತುದಿಯಲ್ಲಿ ಕೂತಿರುವುದಿಲ್ಲ.

ಮೈಕ್ರೋಪವರ್ ಹಾಲ್ ಚಿಪ್

ಎಡ್ವಿನ್ ಹಾಲ್ 1879ರಲ್ಲಿ ಕಂಡ ವಿಷಯವೇ ಇದರ ಬುನಾದಿ. ಕರೆಂಟ್ ಹರಿಯುವ ತೆಳು ಹಾಳೆಗೆ ಅಡ್ಡವಾಗಿ ಕಾಂತಕ್ಷೇತ್ರ ಬಂದರೆ ಹಾಳೆಯ ಎರಡು ಅಂಚುಗಳ ನಡುವೆ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. ಸಿಲಿಕಾನಿನಲ್ಲಿ ಅದು ತೀರ ಸಣ್ಣದು. ಅದನ್ನು ಹಿಗ್ಗಿಸಲು ಮಿಲಿ ಆಂಪಿಯರ್ ಲೆಕ್ಕದಲ್ಲಿ ಕರೆಂಟ್ ಬೇಕು. ಹಾಗಾದರೆ ಮೈಕ್ರೋ ಆಂಪಿಯರಿನಲ್ಲಿ ಹೇಗೆ ನಡೆಯುತ್ತದೆ? ಚಿಪ್ ಹೆಚ್ಚು ಹೊತ್ತು ನಿದ್ದೆ ಮಾಡುವುದರಿಂದ. ರಾತ್ರಿ ಪಾಳಿಯ ಕಾವಲುಗಾರ ಆಗಾಗ ಎದ್ದು ಬೀಗ ಮುಟ್ಟಿ ನೋಡಿ ಮತ್ತೆ ಮಲಗುವ ಹಾಗೆ.

ಲೆಕ್ಕ ಹಾಕಿ ನೋಡಿ. ಚಿಪ್ 40 ಮೈಕ್ರೋಸೆಕೆಂಡ್ ಎಚ್ಚರ ಇದ್ದು 2 ಮಿಲಿ ಆಂಪಿಯರ್ ಎಳೆಯುತ್ತದೆ, ಸೆಕೆಂಡಿಗೆ 20 ಸಲ ಹೀಗೆ ಮಾಡುತ್ತದೆ ಅಂದುಕೊಳ್ಳಿ. ಸರಾಸರಿ 1.6 ಮೈಕ್ರೋ ಆಂಪಿಯರ್. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಡಿಆರ್‌ವಿ5032 ಕೂಡ 20 ಹರ್ಟ್ಜ್ ಮಾದರಿಗೆ 3 ವೋಲ್ಟಿನಲ್ಲಿ 1.6 ಮೈಕ್ರೋ ಆಂಪಿಯರ್ ಅಂತಲೇ ಕೊಡುತ್ತದೆ. 5 ಹರ್ಟ್ಜ್ ಮಾದರಿ 1.8 ವೋಲ್ಟಿನಲ್ಲಿ 0.54ಕ್ಕೆ ಇಳಿಯುತ್ತದೆ. 1.65ರಿಂದ 5.5 ವೋಲ್ಟ್‌ವರೆಗೆ ನಡೆಯುವುದರಿಂದ ಬಟನ್ ಸೆಲ್ ಮುಗಿಯುವ ತನಕ ಕೆಲಸ ಮಾಡುತ್ತದೆ. ವರ್ಷಕ್ಕೆ 14 ಮಿಲಿ ಆಂಪಿಯರ್ ತಾಸು ಖರ್ಚು. ಮ್ಯಾಗ್ನೆಟ್ ಹತ್ತಿರ ಇರಲಿ, ದೂರ ಇರಲಿ, ಖರ್ಚು ಅಷ್ಟೇ.

ಅಷ್ಟೇ ಇರಬೇಕಾದರೆ ಔಟ್‌ಪುಟ್ ಪುಶ್-ಪುಲ್ ಆಗಿರಬೇಕು, ಅಂದರೆ ಚಿಪ್ಪೇ ಅದನ್ನು ಮೇಲಕ್ಕೂ ಕೆಳಕ್ಕೂ ಎಳೆಯಬೇಕು. ಕೆಳಕ್ಕೆ ಮಾತ್ರ ಎಳೆಯುವ ಓಪನ್-ಡ್ರೇನ್ ಔಟ್‌ಪುಟ್ ಇದ್ದರೆ ಮತ್ತೆ ಪುಲ್-ಅಪ್ ರೆಸಿಸ್ಟರ್ ಬೇಕು, ಮತ್ತೆ ರೀಡಿನ ತೊಂದರೆಯೇ ತಿರುಗಿ ಬರುತ್ತದೆ. ಒಂದೇ ಹೆಸರಿನ ಚಿಪ್ಪಿನಲ್ಲಿ ಎರಡೂ ಬಗೆ ಇರುತ್ತವೆ. ಹೆಸರಿನ ಕೊನೆಯ ಎರಡು ಅಕ್ಷರಗಳನ್ನು ಡೇಟಾಶೀಟಿನ ಪಟ್ಟಿಯಲ್ಲಿ ಹುಡುಕಿ ನೋಡಿ.

ಒಂದು ಎಚ್ಚರಿಕೆ. ಚಿಪ್ ಎದ್ದಾಗ ಒಮ್ಮೆಲೇ ಮಿಲಿ ಆಂಪಿಯರ್ ಎಳೆಯುತ್ತದೆ. ಹಳೆಯ ಅಥವಾ ತಣ್ಣಗಾದ ಬಟನ್ ಸೆಲ್ಲಿನ ಒಳಗಿನ ರೆಸಿಸ್ಟೆನ್ಸ್ ಜಾಸ್ತಿ. ಚಿಪ್ಪಿನ ಕಾಲಿಗೆ ಅಂಟಿಕೊಂಡಂತೆ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಲೇಬೇಕು. ಶೀತಲ ಗೋದಾಮಿನಲ್ಲಿ ಇದು ಇನ್ನೂ ಮುಖ್ಯ.

ಎಎಂಆರ್, ಟಿಎಂಆರ್

ಎಎಂಆರ್ ಅಂದರೆ ಅನೈಸೋಟ್ರೋಪಿಕ್ ಮ್ಯಾಗ್ನೆಟೋರೆಸಿಸ್ಟೆನ್ಸ್, ಟಿಎಂಆರ್ ಅಂದರೆ ಟನಲ್ ಮ್ಯಾಗ್ನೆಟೋರೆಸಿಸ್ಟೆನ್ಸ್. ಇವು ವೋಲ್ಟೇಜ್ ಹುಟ್ಟಿಸುವುದಿಲ್ಲ, ಕಾಂತಕ್ಷೇತ್ರಕ್ಕೆ ತಕ್ಕಂತೆ ತಮ್ಮ ರೆಸಿಸ್ಟೆನ್ಸ್ ಬದಲಿಸುತ್ತವೆ. ಎಎಂಆರ್‌ನಲ್ಲಿ ಬದಲಾವಣೆ ಕೆಲವೇ ಶೇಕಡಾ. ಟಿಎಂಆರ್‌ನಲ್ಲಿ ಎರಡು ಕಾಂತೀಯ ಪದರಗಳ ನಡುವೆ ಒಂದೆರಡು ನ್ಯಾನೋಮೀಟರಿನ ನಿರೋಧಕ ಪದರ ಇರುತ್ತದೆ. ಎಲೆಕ್ಟ್ರಾನ್‌ಗಳು ಅದರ ಮೂಲಕ ತೂರಿ ಹೋಗುತ್ತವೆ. ಕೋಣೆಯ ಉಷ್ಣತೆಯಲ್ಲೇ ಇದು ಚೆನ್ನಾಗಿ ನಡೆಯುತ್ತದೆ ಅಂತ 1995ರಲ್ಲಿ ಎರಡು ಗುಂಪು ಬೇರೆ ಬೇರೆಯಾಗಿ ತೋರಿಸಿದವು. ಒಂದು ಜಪಾನಿನ ಮಿಯಾಜಾಕಿ ಅವರದ್ದು, ಇನ್ನೊಂದು ಅಮೆರಿಕದ ಎಂಐಟಿಯಲ್ಲಿದ್ದ ಭಾರತ ಮೂಲದ ಜಗದೀಶ್ ಮೂಡೇರ ಅವರದ್ದು. ಇವತ್ತಿನ ಪದರಗಳಲ್ಲಿ ಬದಲಾವಣೆ ನೂರು ಶೇಕಡಾ ದಾಟುತ್ತದೆ.

ನಮಗೆ ಇದರಿಂದ ಎರಡು ಲಾಭ. ಮೊದಲನೆಯದು, ಸಿಗ್ನಲ್ ದೊಡ್ಡದು, ಹಿಗ್ಗಿಸುವ ಖರ್ಚು ಕಡಿಮೆ. ಹನಿವೆಲ್‌ನ ಎಸ್‌ಎಂ351ಎಲ್‌ಟಿ ಎಎಂಆರ್ ಚಿಪ್ ಸರಾಸರಿ 0.36 ಮೈಕ್ರೋ ಆಂಪಿಯರ್ ತಿನ್ನುತ್ತದೆ. ವರ್ಷಕ್ಕೆ 3 ಮಿಲಿ ಆಂಪಿಯರ್ ತಾಸು. ಬಟನ್ ಸೆಲ್ ಸುಮ್ನೆ ಕೂತರೂ ವರ್ಷಕ್ಕೆ ಸುಮಾರು ಶೇಕಡಾ ಒಂದು ತಾನಾಗೇ ಇಳಿಯುತ್ತದೆ, ಅದು 2 ಮಿಲಿ ಆಂಪಿಯರ್ ತಾಸು. ಇಲ್ಲಿಂದ ಕೆಳಗೆ ಇಳಿಯಲು ಹೆಣಗಾಡುವುದರಲ್ಲಿ ಅರ್ಥ ಇಲ್ಲ. ಟಿಎಂಆರ್ ಚಿಪ್ಪುಗಳಲ್ಲಿ ಕೆಲವು ಒಂದೂವರೆ ಮೈಕ್ರೋ ಆಂಪಿಯರ್ ಆಸುಪಾಸಿನಲ್ಲೇ ಸೆಕೆಂಡಿಗೆ ಸಾವಿರ ಸಲದ ವೇಗಕ್ಕೂ ಹೊಂದುತ್ತವೆ. ಹಾಲ್ ಚಿಪ್ಪಿಗೆ ಇದು ಆಗದ ಮಾತು.

ಎರಡನೆಯ ಲಾಭ ದೂರ. ಹಾಲ್ ಚಿಪ್ಪಿಗಿಂತ ಕಡಿಮೆ ಕ್ಷೇತ್ರಕ್ಕೇ ಇವು ಎಚ್ಚೆತ್ತುಕೊಳ್ಳುತ್ತವೆ.

ಎಷ್ಟು ದೂರದಿಂದ ಕಾಣುತ್ತದೆ?

10 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಸಾಮಾನ್ಯ ಎನ್35 ನಿಯೋಡೈಮಿಯಂ ಬಿಲ್ಲೆ ತಗೊಳ್ಳಿ. ಸೂತ್ರ ಹಾಕಿ ನೋಡಿದರೆ ಅದರ ಮುಖದ ಎದುರಿಗೆ 10 ಮಿಲಿಮೀಟರ್ ದೂರದಲ್ಲಿ ಸುಮಾರು 23 ಮಿಲಿಟೆಸ್ಲಾ (ಕಾಂತಕ್ಷೇತ್ರದ ಅಳತೆ) ಸಿಗುತ್ತದೆ. 20ರಲ್ಲಿ ಬರೀ 4. 30ರಲ್ಲಿ 1.4. ದೂರ ಎರಡು ಪಟ್ಟಾದರೆ ಶಕ್ತಿ ಐದು ಪಟ್ಟಿಗಿಂತ ಜಾಸ್ತಿ ಇಳಿಯಿತು. ಡಿಆರ್‌ವಿ5032ರ 4.8 ಮಿಲಿಟೆಸ್ಲಾ ಮಾದರಿಗೆ ಈ ಬಿಲ್ಲೆ ಹೆಚ್ಚೆಂದರೆ 19 ಮಿಲಿಮೀಟರ್‌ವರೆಗೆ ಕಂಡೀತು. ಎಸ್‌ಎಂ351ಎಲ್‌ಟಿಗೆ ಗರಿಷ್ಠ 11 ಗಾಸ್, ಅಂದರೆ 1.1 ಮಿಲಿಟೆಸ್ಲಾ ಸಾಕು. ಅದಕ್ಕೆ 30ರಲ್ಲೂ ಕಾಣುತ್ತದೆ. ಭೂಮಿಯ ಕ್ಷೇತ್ರ ನಮ್ಮ ಕಡೆ ಸುಮಾರು 0.04 ಮಿಲಿಟೆಸ್ಲಾ. ಅದರಿಂದ ಇವಕ್ಕೆ ಕಾಟ ಇಲ್ಲ.

ಡೇಟಾಶೀಟಿನಲ್ಲಿ ಸಾಮಾನ್ಯ (ಟಿಪಿಕಲ್) ಅಂಕಿಗೆ ಮರುಳಾಗಬೇಡಿ. ಹಚ್ಚುವ ಮಿತಿ, ಅಂದರೆ ಚಿಪ್ ಆನ್ ಆಗುವ ಕ್ಷೇತ್ರ; ಅದರ ಗರಿಷ್ಠ ಅಂಕಿ ಹಿಡಿದು ಮ್ಯಾಗ್ನೆಟ್ ಆರಿಸಿ. ಬಿಡುವ ಮಿತಿ, ಅಂದರೆ ಆಫ್ ಆಗುವ ಕ್ಷೇತ್ರ; ಅದರ ಕನಿಷ್ಠ ಅಂಕಿ ಹಿಡಿದು ಬಾಗಿಲು ಎಷ್ಟು ತೆರೆದಾಗ ಗೊತ್ತಾಗಬೇಕು ಅಂತ ನೋಡಿ. ಬೇಸಿಗೆಯ ಬಿಸಿಗೂ ಸ್ವಲ್ಪ ಜಾಗ ಬಿಡಿ. ನಿಯೋಡೈಮಿಯಂ ಒಂದು ಡಿಗ್ರಿಗೆ ಸುಮಾರು 0.12 ಶೇಕಡಾ, ಫೆರೈಟ್ 0.2 ಶೇಕಡಾ ಶಕ್ತಿ ಕಳೆದುಕೊಳ್ಳುತ್ತದೆ. ಎನ್35 ಬಿಲ್ಲೆಯನ್ನು 80 ಡಿಗ್ರಿ ದಾಟಿಸಬಾರದು, ದಾಟಿದರೆ ಕಳೆದದ್ದು ವಾಪಸ್ ಬರುವುದಿಲ್ಲ.

ಇನ್ನು ದಿಕ್ಕು. ಇದನ್ನು ಬಹಳ ಜನ ಮರೆಯುತ್ತಾರೆ. ಸಾಮಾನ್ಯ ಹಾಲ್ ಚಿಪ್ ತನ್ನ ಮುಖಕ್ಕೆ ನೇರ ಬಂದು ಹೊಡೆಯುವ ಕ್ಷೇತ್ರವನ್ನು ಕಾಣುತ್ತದೆ. ಎಎಂಆರ್, ಟಿಎಂಆರ್ ಚಿಪ್ಪುಗಳಲ್ಲಿ ಹೆಚ್ಚಿನವು ತಮ್ಮ ಮೈಗೆ ಸಮಾನಾಂತರವಾಗಿ ಹಾಯುವ ಕ್ಷೇತ್ರವನ್ನು ಕಾಣುತ್ತವೆ. ರೀಡ್ ಕೂಡ ತನ್ನ ಉದ್ದಕ್ಕೆ ಹಾಯುವುದನ್ನೇ ಕಾಣುತ್ತದೆ. ಹಾಗಾಗಿ ಹಳೆಯ ರೀಡ್ ತೆಗೆದು ಅದೇ ಜಾಗದಲ್ಲಿ ಚಿಪ್ ಕೂರಿಸಬೇಕಾದರೆ ಟಿಎಂಆರ್ ಸುಲಭವಾಗಿ ಕೂರುತ್ತದೆ. ಹಾಲ್ ಹಾಕಿದರೆ ಮ್ಯಾಗ್ನೆಟ್ಟನ್ನು ತಿರುಗಿಸಿ ಕೂರಿಸಬೇಕಾಗುತ್ತದೆ.

ಧ್ರುವದ ಬಗ್ಗೆ ಒಂದು ಮಾತು ಸಾಕು. ಬಾಗಿಲು, ಮುಚ್ಚಳಗಳಿಗೆ ಎರಡೂ ಧ್ರುವಕ್ಕೆ ಸ್ಪಂದಿಸುವ ಓಮ್ನಿಪೋಲಾರ್ ಬಗೆ ತಗೊಳ್ಳಿ, ಮ್ಯಾಗ್ನೆಟ್ ಉಲ್ಟಾ ಅಂಟಿಸಿದರೂ ನಡೆಯುತ್ತದೆ. ಯುಎಸ್1881ರಂಥ ಲ್ಯಾಚ್ ಬೇಡ. ಅದು ಎದುರು ಧ್ರುವ ಬರುವ ತನಕ ಹಳೆಯ ಸ್ಥಿತಿಯಲ್ಲೇ ಕೂತಿರುತ್ತದೆ.

ಈಗ ನಮ್ಮ ನಾಲ್ಕು ಜಾಗ

ಗೋದಾಮಿನ ಬಾಗಿಲಿಗೆ ನನ್ನ ಆಯ್ಕೆ ಎಎಂಆರ್. ಅಲ್ಲಿನ ಬಾಗಿಲುಗಳು ದಪ್ಪ, ಅಂಚಿನಲ್ಲಿ ರಬ್ಬರ್, ನಡುವಿನ ಸಂದು ದಿನಕ್ಕೊಂದು ಥರ. ಮೇಲೆ ಉಕ್ಕಿನ ತಗಡು ಇದ್ದರೆ ಅದು ಕ್ಷೇತ್ರವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಮ್ಯಾಗ್ನೆಟ್ಟನ್ನೂ ಸೆನ್ಸರನ್ನೂ ತಗಡಿಗೆ ನೇರವಾಗಿ ಅಂಟಿಸದೆ ಕೆಳಗೆ ಒಂದು ಪ್ಲಾಸ್ಟಿಕ್ ತುಂಡು ಕೊಡಿ. ಮೆಣಸಿನಕಾಯಿ ಚೀಲ ಒಳಗೆ ಹೊರಗೆ ಹೋಗುವಾಗ ಬಾಗಿಲು ಎಷ್ಟು ಹೊತ್ತು ತೆರೆದಿತ್ತು ಅನ್ನುವುದು ಕರೆಂಟ್ ಬಿಲ್ಲಿನಲ್ಲಿ ಗೊತ್ತಾಗುವ ವಿಷಯ. ಅದಕ್ಕೆ ಸೆಕೆಂಡಿಗೆ ಐದು ಸಲ ನೋಡುವ ಚಿಪ್ಪೂ ಧಾರಾಳ ಸಾಕು.

ನೀರಿನ ಮೀಟರಿನ ಕತೆ ಹುಬ್ಬಳ್ಳಿ-ಧಾರವಾಡದಲ್ಲಿ ಬೇರೆಯೇ ಇದೆ. ಮಲಪ್ರಭೆಯ ನೀರು ಎಲ್ಲ ಓಣಿಗಳಿಗೂ ದಿನಾಲೂ ಬರುವುದಿಲ್ಲ. ಎರಡು ಸರದಿಗಳ ನಡುವೆ ಮೀಟರಿನ ಮುಳ್ಳು ಎಲ್ಲಿ ನಿಂತಿತ್ತೋ ಅಲ್ಲೇ ದಿನಗಟ್ಟಲೆ ನಿಂತಿರುತ್ತದೆ. ಮುಳ್ಳಿನ ಜೊತೆ ತಿರುಗುವ ಮ್ಯಾಗ್ನೆಟ್ ರೀಡಿನ ಎದುರಿಗೇ ಬಂದಾಗ ಅದು ನಿಂತಿದ್ದರೆ? ನೀರು ಬರುವ ತನಕ ಪುಲ್-ಅಪ್ ಸೋರುತ್ತಲೇ ಇರುತ್ತದೆ. ಅಂಚಿನಲ್ಲಿ ನಿಂತರೆ ಇನ್ನೂ ಕಷ್ಟ, ಪೈಪ್ ಅದುರಿದರೆ ಸಾಕು, ರೀಡ್ ಕೂಡಿ ಬಿಟ್ಟು ಸುಳ್ಳು ಲೀಟರು ಎಣಿಸುತ್ತದೆ. ಇಲ್ಲಿ ಪುಶ್-ಪುಲ್ ಹಾಲ್ ಚಿಪ್ ಗೆಲ್ಲುತ್ತದೆ. ಹಚ್ಚುವ ಮಿತಿಗೂ ಬಿಡುವ ಮಿತಿಗೂ ಅಂತರ ಇರುವುದರಿಂದ ಸಣ್ಣ ಅದುರಾಟಕ್ಕೆ ಬಗ್ಗುವುದಿಲ್ಲ. ಮನೆಯ ನಲ್ಲಿಯ ವೇಗಕ್ಕೆ 5 ಹರ್ಟ್ಜ್ ಸಾಲುತ್ತದೆ. ಆದರೂ ನಾನು 20 ಹರ್ಟ್ಜ್ ಹಾಕುತ್ತೇನೆ. ನೀರು ಬಿಟ್ಟ ಮೊದಲ ಕೆಲವು ನಿಮಿಷ ಪೈಪಿನಲ್ಲಿದ್ದ ಗಾಳಿ ನುಗ್ಗಿ ಮೀಟರನ್ನು ಗಿರಗಿರ ತಿರುಗಿಸುತ್ತದೆ. ಆ ಗಾಳಿಯ ಲೆಕ್ಕವೂ ಬೇಕು, ಬಿಲ್ಲಿನ ತಕರಾರಿಗೆ ಅದೇ ಸಾಕ್ಷಿ.

ಮಳೆಮಾಪಕಕ್ಕೆ ರೀಡ್. ತೊಟ್ಟಿಲಿನಂತೆ ಆಚೀಚೆ ಮಗುಚುವ ಬಟ್ಟಲು 0.2 ಮಿಲಿಮೀಟರ್ ಮಳೆಗೊಮ್ಮೆ ಮಗುಚುತ್ತದೆ ಅಂದುಕೊಳ್ಳಿ. ತಾಸಿಗೆ 100 ಮಿಲಿಮೀಟರ್ ಸುರಿಯುವ ಮುಂಗಾರು ಅಬ್ಬರದಲ್ಲೂ ಏಳು ಸೆಕೆಂಡಿಗೊಮ್ಮೆ ಮಗುಚಿದ ಹಾಗಾಯ್ತು. ನಿಧಾನವೇ. ಆದರೆ ಮಗುಚುವಾಗ ಮ್ಯಾಗ್ನೆಟ್ ನಡುವಿನ ಸೆನ್ಸರ್ ಮುಂದೆ ಒಂದು ಕ್ಷಣದಲ್ಲಿ ಹಾದುಹೋಗುತ್ತದೆ. 5 ಹರ್ಟ್ಜ್ ಚಿಪ್ ಆಗ ನಿದ್ದೆಯಲ್ಲಿದ್ದರೆ ಆ ಮಳೆ ಲೆಕ್ಕಕ್ಕೇ ಬರಲಿಲ್ಲ. ರೀಡ್ ತಪ್ಪಿಸಿಕೊಳ್ಳುವುದಿಲ್ಲ. ಬಟ್ಟಲು ಸುಮ್ಮನಿದ್ದಾಗ ರೀಡ್ ತೆರೆದೇ ಇರುವುದರಿಂದ ಇಲ್ಲಿ ನಿಜಕ್ಕೂ ಸೊನ್ನೆ ಕರೆಂಟ್. ಚಿಪ್ಪೇ ಬೇಕಾದರೆ ಒಂದು ಉಪಾಯ ಇದೆ. ಸೆನ್ಸರನ್ನು ನಡುವೆ ಇಡದೆ ಬಟ್ಟಲಿನ ಒಂದು ಬದಿಗೆ ಇಡಿ. ಆಗ ಬಟ್ಟಲು ಒಂದು ಕಡೆ ಕೂತಾಗ ಮ್ಯಾಗ್ನೆಟ್ ಹತ್ತಿರ, ಇನ್ನೊಂದು ಕಡೆ ಕೂತಾಗ ದೂರ. ಪ್ರತಿ ಸಲ ಸ್ಥಿತಿ ಬದಲಾಗಿ ಸೆಕೆಂಡುಗಟ್ಟಲೆ ಹಾಗೇ ನಿಲ್ಲುತ್ತದೆ. ಏರುವುದು, ಇಳಿಯುವುದು ಎರಡನ್ನೂ ಎಣಿಸಿದರೆ 5 ಹರ್ಟ್ಜ್ ಚಿಪ್ಪೂ ಒಂದು ಹನಿ ಬಿಡುವುದಿಲ್ಲ.

ಗಾಳಿಯ ಮಾಪಕಕ್ಕೆ ಟಿಎಂಆರ್ ಬಿಟ್ಟು ಬೇರೆ ನಾನು ಹೇಳುವುದಿಲ್ಲ. ಹವ್ಯಾಸಿಗಳು ಬಳಸುವ ಒಂದು ಬಗೆಯ ಮಾಪಕದಲ್ಲಿ ಸೆಕೆಂಡಿಗೆ ಒಂದು ಪಲ್ಸ್ ಅಂದರೆ ಗಂಟೆಗೆ 2.4 ಕಿಲೋಮೀಟರ್ ಗಾಳಿ. 48 ಕಿಲೋಮೀಟರ್ ಬೀಸಿದರೆ ಸೆಕೆಂಡಿಗೆ 20 ಪಲ್ಸ್. 20 ಹರ್ಟ್ಜ್ ಹಾಲ್ ಚಿಪ್ 10 ಪಲ್ಸ್ ಹತ್ತಿರ ಬರುವ ಹೊತ್ತಿಗೇ ಸೋಲುತ್ತದೆ. ರೀಡ್ ವೇಗಕ್ಕೆ ಹೊಂದುತ್ತದೆ, ಆದರೆ ಸವೆಯುತ್ತದೆ. ಸರಾಸರಿ ಸೆಕೆಂಡಿಗೆ 5 ಪಲ್ಸ್ ಹಿಡಿದರೂ ವರ್ಷಕ್ಕೆ ಹದಿನೈದು ಕೋಟಿ ದಾಟುತ್ತದೆ. ಗದಗಿನಂಥ ಗಾಳಿಯ ಸೀಮೆಯಲ್ಲಿ, ಪವನಯಂತ್ರಗಳು ಸಾಲಾಗಿ ನಿಂತಿರುವ ಗುಡ್ಡದ ಮೇಲೆ, ರೀಡ್ ಬದಲಿಸಲು ಕಂಬ ಹತ್ತುವವರು ಯಾರು?

ಕೊಳ್ಳುವ ಮೊದಲು, ಕೊಂಡ ಮೇಲೆ

ಬೋರ್ಡ್ ನೋಡಿಕೊಳ್ಳಿ. ಎಎಂಎಸ್1117 ರೆಗ್ಯುಲೇಟರ್ (ವೋಲ್ಟೇಜನ್ನು ಇಳಿಸಿ ಸ್ಥಿರವಾಗಿ ಕೊಡುವ ಚಿಪ್) ಇರುವ ಬೋರ್ಡಿನಲ್ಲಿ ಆ ರೆಗ್ಯುಲೇಟರ್ ಒಂದೇ ಸುಮಾರು 5 ಮಿಲಿ ಆಂಪಿಯರ್ ತಿನ್ನುತ್ತದೆ. ಅದರ ಪಕ್ಕದಲ್ಲಿ 0.36 ಮೈಕ್ರೋ ಆಂಪಿಯರಿನ ಚಿಪ್ ಕೂರಿಸಿ ಏನೂ ಉಪಯೋಗ ಇಲ್ಲ.

ಮೈಕ್ರೋಪವರ್ ಚಿಪ್ಪುಗಳು ನಮ್ಮ ಕಡೆ ಕೌಂಟರಿನಲ್ಲಿ ಸಿಗುವುದು ಅಪರೂಪ, ಆನ್‌ಲೈನ್ ತರಿಸಬೇಕು. ಬಂದದ್ದು ಸರಿಯಾದದ್ದಾ ಅಂತ ಅಳೆದು ನೋಡಿ. ಮಲ್ಟಿಮೀಟರಿನ ಮೈಕ್ರೋ ಆಂಪಿಯರ್ ರೇಂಜ್ ಮಿಟುಕುವ ಕರೆಂಟಿಗೆ ಸರಿಯಾಗಿ ಓದುವುದಿಲ್ಲ. ಹೀಗೆ ಮಾಡಿ: ಸಪ್ಲೈ ತಂತಿಯಲ್ಲಿ 10 ಕಿಲೋ ಓಮ್ ರೆಸಿಸ್ಟರ್ ಸೇರಿಸಿ. ಚಿಪ್ಪಿನ ಕಡೆ 47 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಕೊಡಿ. ಶುರುವಿನಲ್ಲಿ ರೆಸಿಸ್ಟರಿನ ಎರಡು ತುದಿಗೂ ತಂತಿ ತಾಗಿಸಿ ಶಾರ್ಟ್ ಮಾಡಿ, ಚಿಪ್ ಎದ್ದು ಕೆಲಸ ಶುರು ಮಾಡಲಿ. ಆಮೇಲೆ ತಂತಿ ತೆಗೆದು ರೆಸಿಸ್ಟರಿನ ಮೇಲಿನ ಮಿಲಿವೋಲ್ಟ್ ಓದಿ. 16 ಮಿಲಿವೋಲ್ಟ್ ಅಂದರೆ 1.6 ಮೈಕ್ರೋ ಆಂಪಿಯರ್. ಮ್ಯಾಗ್ನೆಟ್ ದೂರ ಇಟ್ಟು ಒಮ್ಮೆ, ಹತ್ತಿರ ಇಟ್ಟು ಒಮ್ಮೆ ಅಳೆಯಿರಿ. ಔಟ್‌ಪುಟ್ಟಿಗೆ ಪುಲ್-ಅಪ್ ಕೂಡಿಸಿದ್ದರೆ ಅದರ ಮೇಲಿನ ತುದಿಯನ್ನೂ ಈ ರೆಸಿಸ್ಟರಿನ ಚಿಪ್ ಕಡೆಗೇ ಜೋಡಿಸಿ, ಆಗ ಅದರ ಕರೆಂಟೂ ಲೆಕ್ಕಕ್ಕೆ ಬರುತ್ತದೆ. ಎರಡು ಓದಿನ ನಡುವೆ ದೊಡ್ಡ ಅಂತರ ಕಂಡರೆ ಅದು ಪುಲ್-ಅಪ್ಪಿನ ಖರ್ಚು. ಆ ಪುಲ್-ಅಪ್ ತೆಗೆದು ನೋಡಿ. ಮ್ಯಾಗ್ನೆಟ್ ದೂರ ಇದ್ದಾಗ ಔಟ್‌ಪುಟ್ ಮೇಲೆ ನಿಲ್ಲದೆ ತೇಲಿದರೆ ನಿಮ್ಮ ಕೈಯಲ್ಲಿರುವುದು ಓಪನ್-ಡ್ರೇನ್ ಮಾದರಿ, ಹಾಗಾಗಿ ಚಿಪ್ಪನ್ನೇ ಪುಶ್-ಪುಲ್ ಮಾದರಿಗೆ ಬದಲಿಸಿ.